ಸ್ಕ್ಯಾನರಿನ ಮೌನವೂ ಅಳಿಸುವ ಆತುರವೂ

ಅಮೆರಿಕಾ ದೇಶದ ನಡುಬಯಲಿನ ಸಣ್ಣ ಊರುಗಳಲ್ಲಿ, ಅಡುಗೆಮನೆಯ ಕಿಟಕಿಯ ಹಲಗೆಯ ಮೇಲೋ ಗ್ಯಾರೇಜಿನ ಮೂಲೆಯಲ್ಲೋ, ಅಂಗೈಗಿಂತ ತುಸು ಉದ್ದವಾದ ಒಂದು ಕಪ್ಪು ಪೆಟ್ಟಿಗೆ ಮೋಟು ಆಂಟೆನಾವನ್ನು ಮೇಲೆತ್ತಿಕೊಂಡು ಹಗಲಿರುಳೂ ಗೊಣಗುತ್ತಿರುವುದನ್ನು, ಮಕ್ಕಳ ಮನೆಗೆಂದು ಅತ್ತ ಹೋಗಿ ಕೆಲವು ತಿಂಗಳು ಇದ್ದು ಬಂದ ನಮ್ಮ ಹಿರಿಯರಲ್ಲಿ ಕೆಲವರಾದರೂ ಕಂಡಿರಬಹುದು. ಕಂಡವರು ಅದನ್ನು ಸಾಮಾನ್ಯ ರೇಡಿಯೊ ಎಂದುಕೊಂಡು, ಸಂಗೀತವಿಲ್ಲ, ವಾರ್ತೆಯಿಲ್ಲ, ಬರಿಯ ಅರೆಬರೆ ಮಾತುಗಳೇ ಕೇಳುತ್ತಿವೆಯಲ್ಲ, ಇದೆಂಥ ಸ್ಟೇಷನ್ನು ಎಂದು ಬೆರಗಾಗಿದ್ದರೆ ತಪ್ಪೇನೂ ಇಲ್ಲ. ಅದು ರೇಡಿಯೊವೇ ಹೌದು. ಆದರೆ ಜನಸಾಮಾನ್ಯರಿಗೆಂದು ಪ್ರಸಾರವಾಗುವ ಕಾರ್ಯಕ್ರಮವನ್ನು ಕೇಳಿಸುವುದು ಅದರ ಧರ್ಮವಲ್ಲ. ಅಗ್ನಿಶಾಮಕ ದಳದವರು, ಆಂಬುಲೆನ್ಸಿನವರು, ಪೊಲೀಸರು, ರೈಲಿನ ಚಾಲಕರು, ವಿಮಾನದ ಪೈಲಟ್ಟುಗಳು ತಂತಮ್ಮಲ್ಲಿ ಆಡಿಕೊಳ್ಳುವ ಕೆಲಸದ ಮಾತುಗಳಿಗಾಗಿ, ನೂರಾರು ಕಂಪನಾಂಕಗಳ ಮೇಲೆ ಒಂದಾದಮೇಲೊಂದರಂತೆ ಕಿವಿಯಿಟ್ಟು, ಎಲ್ಲಿ ದನಿ ಸಿಕ್ಕಿತೋ ಅಲ್ಲಿ ನಿಂತು, ಆ ಮಾತು ಮುಗಿದೊಡನೆ ಮುಂದಕ್ಕೆ ಸಾಗುವ ಯಂತ್ರವದು. ಅಲ್ಲಿಯವರು ಅದನ್ನು ಸ್ಕ್ಯಾನರ್ ಎನ್ನುತ್ತಾರೆ.

ಹೀಗೆ ಕಿವಿಗೊಡುವ ಅಭ್ಯಾಸ ಅಲ್ಲಿ ನಿನ್ನೆ ಮೊನ್ನೆಯದಲ್ಲ. 1928ರಲ್ಲಿ ಡೆಟ್ರಾಯಿಟ್ ನಗರದ ಪೊಲೀಸರು ಗಸ್ತಿನ ಮೋಟಾರುಗಳಿಗೆ ನಿಸ್ತಂತುವಿನ ಮೂಲಕ ಆಜ್ಞೆಗಳನ್ನು ಕಳುಹತೊಡಗಿದ ಮೇಲೆ ಆ ಪದ್ಧತಿ ಊರಿಂದೂರಿಗೆ ಹರಡಿತು. 1930ರ ದಶಕದ ಮನೆಬಳಕೆಯ ಅನೇಕ ರೇಡಿಯೊಗಳ ಮುಖಫಲಕದಲ್ಲಿಯೇ ‘ಪೊಲೀಸ್’ ಎಂಬ ಗುರುತು ಅಚ್ಚಾಗಿರುತ್ತಿತ್ತು. ನ್ಯೂಯಾರ್ಕಿನಲ್ಲಿ ವೀಜೀ ಎಂಬ ಹೆಸರಿನಿಂದ ಪ್ರಸಿದ್ಧನಾದ ಛಾಯಾಗ್ರಾಹಕ ಆರ್ಥರ್ ಫೆಲಿಗ್, ತನ್ನ ಕಾರಿನಲ್ಲಿ ಪೊಲೀಸರ ಮಾತು ಕೇಳುವ ರೇಡಿಯೊ ಇರಿಸಿಕೊಂಡು, ಅಪರಾಧ ನಡೆದೆಡೆಗೆ ಅನೇಕ ವೇಳೆ ಪೊಲೀಸರಿಗಿಂತ ಮುಂಚೆಯೇ ಹೋಗಿ ನಿಂತಿರುತ್ತಿದ್ದನೆಂಬುದು ಪತ್ರಿಕಾ ಛಾಯಾಗ್ರಹಣದ ಚರಿತ್ರೆಯಲ್ಲಿ ಬಹುವಾಗಿ ಹೇಳಲ್ಪಡುವ ಕಥೆ. ಮುಂದೆ ಮಾತು ಹೆಚ್ಚು ಕಂಪನಾಂಕಗಳಿಗೆ ಏರಿ ಚದುರಿಹೋದಾಗ, ಅವುಗಳನ್ನು ಸುತ್ತಿ ಬರುವ ಸ್ಕ್ಯಾನರಿನ ಅಗತ್ಯ ತಲೆದೋರಿತು. ಮೊದಮೊದಲ ಸ್ಕ್ಯಾನರುಗಳಲ್ಲಿ ಒಂದೊಂದು ಚಾನೆಲಿಗೂ ಒಂದೊಂದು ಸ್ಫಟಿಕವನ್ನು ಅಂಗಡಿಯಿಂದ ಕೊಂಡು ತಂದು ಒಳಗೆ ಸಿಕ್ಕಿಸಬೇಕಾಗಿತ್ತು. ಕೇಳತಕ್ಕ ಚಾನೆಲುಗಳು ಹೆಚ್ಚಿದಷ್ಟೂ ಜೇಬು ಹಗುರಾಗುತ್ತಿತ್ತು. 1970ರ ದಶಕದ ಕೊನೆಯ ವೇಳೆಗೆ ಅಂಕಿಗಳ ಗುಂಡಿಯನ್ನೊತ್ತಿ ಕಂಪನಾಂಕವನ್ನು ಬರೆಯಬಲ್ಲ ಯಂತ್ರಗಳು ಬಂದುವು. ಇಂಡಿಯಾನಾ ಪ್ರಾಂತದ ಎಲೆಕ್ಟ್ರಾ ಕಂಪನಿಯ ‘ಬೇರ್‌ಕ್ಯಾಟ್’ ಎಂಬ ಹೆಸರು 1980ರ ದಶಕದಲ್ಲಿ ಜಪಾನಿನ ಯುನಿಡೆನ್ ಸಂಸ್ಥೆಯ ಕೈಸೇರಿ ಇಂದಿಗೂ ಪೆಟ್ಟಿಗೆಗಳ ಮೇಲೆ ಉಳಿದುಬಂದಿದೆ.

ಇಷ್ಟೆಲ್ಲ ಪೂರ್ವೋತ್ತರವನ್ನು ಹೇಳಿದ್ದೇತಕ್ಕೆಂದರೆ, ಸ್ಫಟಿಕದ ಕಾಲದಲ್ಲಿ ಒಡೆಯನು ಹಣ ಕೊಟ್ಟು ಕೂಡಿಸಿಕೊಳ್ಳುತ್ತಿದ್ದುದನ್ನು ಈಗ ಅವನು ಶ್ರಮದಿಂದ ಕೂಡಿಸಿಕೊಳ್ಳುತ್ತಾನೆಂಬುದು ಓದುಗರ ಲಕ್ಷ್ಯಕ್ಕೆ ಬರಲೆಂದು. ಯುನಿಡೆನ್‌ನ ಬಿಸಿ125ಎಟಿ ಎಂಬ ಸಾಧಾರಣ ಬೆಲೆಯ ಕೈಸ್ಕ್ಯಾನರಿನಲ್ಲಿ ತಲಾ 50ರಂತೆ 10 ಬ್ಯಾಂಕುಗಳಲ್ಲಿ, ಎಂದರೆ ಗುಂಪುಗಳಲ್ಲಿ, 500 ಚಾನೆಲುಗಳಿಗೆ ಸ್ಥಳವುಂಟು. ಯಾವ ಕಂಪನಾಂಕದಲ್ಲಿ ಯಾವ ಠಾಣೆ, ಯಾವುದು ನೆರೆಯ ಕೌಂಟಿಯ, ಎಂದರೆ ನೆರೆ ಜಿಲ್ಲೆಯ, ಬೆಂಕಿಯವರದು, ಯಾವುದು ವಿಮಾನನಿಲ್ದಾಣದ ಗೋಪುರದ್ದು ಎಂಬುದನ್ನು ಕೇಳಿ, ವಿಚಾರಿಸಿ, ಹೋಲಿಸಿ, ಒಂದೊಂದಕ್ಕೂ ಹೆಸರಿಟ್ಟು, ಬೇಡದ್ದಕ್ಕೆ ಬೀಗ ಹಾಕಿ, ಬೇಕಾದ್ದಕ್ಕೆ ಆದ್ಯತೆ ಕೊಟ್ಟು ಒಡೆಯನು ವರ್ಷಾನುಗಟ್ಟಲೆ ಬೆಳೆಸಿದ ಸಂಪತ್ತು ಅದು. ರೀಸೆಟ್ ಎಂಬ ಕ್ರಿಯೆ ಈ ಸಂಪತ್ತನ್ನು ಕೆಲವೇ ಸೆಕೆಂಡುಗಳಲ್ಲಿ ಗುಡಿಸಿ ಹಾಕುತ್ತದೆ. ಹೀಗಿದ್ದರೂ ಯಂತ್ರವು ದನಿಯಡಗಿಸಿದೊಡನೆ ಜನರ ಕೈ ಮೊದಲು ಹೋಗುವುದು ರೀಸೆಟ್ಟಿಗೇ. ನೆಗಡಿ ಬಂದಿತೆಂದು ಮೂಗು ಕೊಯ್ದುಕೊಂಡಂಥ ಈ ಚಿಕಿತ್ಸೆ ಹತ್ತರಲ್ಲಿ ಎಂಟು ಪಾಲು ವ್ಯರ್ಥವೆಂಬುದೂ, ಮೌನದ ಕಾರಣ ಬಹುಮಟ್ಟಿಗೆ ಮೆಮರಿಯ ಹೊರಗೇ ಇರುತ್ತದೆಂಬುದೂ ನನ್ನ ಅಭಿಪ್ರಾಯ.

ಕಾರಣಗಳು ಎಷ್ಟು ಕ್ಷುಲ್ಲಕವಾಗಿರಬಲ್ಲವೆಂಬುದನ್ನು ನೋಡಿದರೆ ನಗು ಬರುತ್ತದೆ. ಸ್ಕ್ವೆಲ್ಚ್ ಎಂಬ ಒಂದು ತಿರುಪು ಬಹುಪಾಲು ಸ್ಕ್ಯಾನರುಗಳಲ್ಲಿ ಉಂಟು. ಮಾತಿಲ್ಲದ ವೇಳೆ ಬರುವ ಸುಯ್ಯೆಂಬ ಗದ್ದಲವನ್ನು ತಡೆದು, ಸಾಕಷ್ಟು ಬಲವುಳ್ಳ ತರಂಗ ಬಂದಾಗ ಮಾತ್ರ ಬಾಯಿ ಬಿಡಿಸುವುದು ಅದರ ಕೆಲಸ. ಅದನ್ನು ಪೂರ್ತಿ ಬಿಟ್ಟರೆ ಯಂತ್ರ ಗದ್ದಲದ ಮೇಲೆಯೇ ನಿಂತುಬಿಡುತ್ತದೆ, ಸುತ್ತುವುದೇ ಇಲ್ಲ. ಪೂರ್ತಿ ಬಿಗಿದರೆ ಚಾನೆಲುಗಳ ಮೇಲೆ ಓಡುತ್ತಲೇ ಇರುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ. ಸುಯ್ಯೆನ್ನುವವರೆಗೆ ಬಿಟ್ಟು, ಆ ಸದ್ದು ಅಡಗಿದ ಬಿಂದುವಿನಿಂದ ಕೂದಲೆಳೆಯಷ್ಟೇ ಮುಂದಕ್ಕೆ ತಿರುಗಿಸಿ ಬಿಡತಕ್ಕದ್ದು ಸರಿಯಾದ ಕ್ರಮ. ಜೇಬಿನಲ್ಲಿಟ್ಟು ನಡೆದಾಗ ಬಟ್ಟೆಗೆ ಉಜ್ಜಿ ಈ ತಿರುಪು ತಾನಾಗಿ ತಿರುಗಿಕೊಳ್ಳುತ್ತದೆ. ಇನ್ನು ಇಯರ್‌ಫೋನಿನ ಕಿಂಡಿ. ಅದರೊಳಗಿನ ತೆಳ್ಳನೆಯ ಲೋಹದ ನಾಲಿಗೆ, ಪಿನ್ನು ಒಳಹೊಕ್ಕೊಡನೆ ಸ್ಪೀಕರನ್ನು ಕಳಚಿ ಹಾಕುವಂತೆ ಕಟ್ಟಲ್ಪಟ್ಟಿದೆ. ಜೇಬಿನ ನೂಲು, ಧೂಳು ತುಂಬಿ ಆ ನಾಲಿಗೆ ಮರಳಿ ಸ್ವಸ್ಥಾನಕ್ಕೆ ಬಾರದೆ ಹೋದರೆ ಯಂತ್ರದ ಪರದೆಯಲ್ಲಿ ಅಂಕಿಗಳು ಸರಿಯುತ್ತಿರುತ್ತವೆ, ನಿಲ್ಲುತ್ತವೆ, ಮತ್ತೆ ಸರಿಯುತ್ತವೆ, ಶಬ್ದ ಮಾತ್ರ ಇಲ್ಲ. ಇಯರ್‌ಫೋನನ್ನು ಹಲವು ಬಾರಿ ಸಿಕ್ಕಿಸಿ ತೆಗೆದರೆ ಸಾಮಾನ್ಯವಾಗಿ ನಾಲಿಗೆ ಸರಿಹೋಗುತ್ತದೆ. ‘ಹೋಲ್ಡ್’ ಒತ್ತಿ ಮರೆತದ್ದು, ಬ್ಯಾಂಕುಗಳನ್ನು ಅಂಕಿಯ ಗುಂಡಿ ತಗುಲಿಸಿ ಆರಿಸಿದ್ದು, ಕೀಲಿಗಳ ಬೀಗ ಬಿದ್ದದ್ದು, ಹತ್ತಿರದ ಪ್ರಬಲ ಕೇಂದ್ರದ ಹಾವಳಿಯನ್ನು ತಗ್ಗಿಸಲೆಂದು ಹಾಕಿಕೊಂಡ ಕ್ಷೀಣಕವನ್ನು ತೆಗೆಯದೆ ಬಿಟ್ಟದ್ದು, ಇವೆಲ್ಲ ಪರದೆಯ ಮೇಲೆ ಚಿಕ್ಕ ಅಕ್ಷರದಲ್ಲಿ ಬರೆದೇ ಇರುತ್ತವೆ. ಕನ್ನಡಕ ಹಾಕಿಕೊಂಡು ಓದುವ ತಾಳ್ಮೆಯೊಂದಿದ್ದರೆ ಸಾಕು.

ಆದರೆ ಕೈಸ್ಕ್ಯಾನರಿನ ನಿಜವಾದ ಶತ್ರು ಅದರ ಬೆನ್ನೊಳಗೆ ಕುಳಿತ ಸೆಲ್ಲುಗಳೇ. ಈ ವಿಚಾರವನ್ನು ತುಸು ವಿಸ್ತರಿಸಿಯೇ ಹೇಳಬೇಕು. ಪೆನ್ಸಿಲ್ ಸೆಲ್ಲಿನ ಆಕಾರದವು ಎರಡು ಜಾತಿ: ಒಮ್ಮೆ ಬಳಸಿ ಬಿಸಾಡುವ ಅಲ್ಕಲೈನ್ ಸೆಲ್ಲು, 1.5 ವೋಲ್ಟಿನದು, ಮತ್ತೆ ಮತ್ತೆ ಚಾರ್ಜು ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು, 1.2 ವೋಲ್ಟಿನದು. ಎರಡು ಸೆಲ್ಲು ಹಿಡಿಯುವ ಯಂತ್ರದಲ್ಲಿ ಮೊದಲ ಜಾತಿ 3 ವೋಲ್ಟು ಕೊಟ್ಟರೆ ಎರಡನೆಯದು ಕೊಡುವುದು 2.4 ಮಾತ್ರ. ಈ ವ್ಯತ್ಯಾಸವನ್ನು ಯಂತ್ರವು ತಾನಾಗಿ ತಿಳಿಯಲಾರದು. ಆದ್ದರಿಂದ ಬಿಸಿ125ಎಟಿಯಂಥ ಮಾದರಿಗಳಲ್ಲಿ ಸೆಲ್ಲಿನ ಮನೆಯೊಳಗೆ, ಸೆಲ್ಲುಗಳನ್ನು ತೆಗೆದರೆ ಮಾತ್ರ ಕಾಣುವಂತೆ, ಉಗುರಿನ ತುದಿಯಿಂದ ಸರಿಸತಕ್ಕ ಒಂದು ಪುಟ್ಟ ಸ್ವಿಚ್ಚನ್ನು ಇಟ್ಟಿದ್ದಾರೆ. ಒಂದು ಕಡೆಗೆ ಸರಿಸಿದರೆ ಅಲ್ಕಲೈನ್, ಇನ್ನೊಂದು ಕಡೆಗೆ ಸರಿಸಿದರೆ ಚಾರ್ಜಿನ ಸೆಲ್ಲು. ಕೊಂಡ ದಿನ ನೋಡಿದವರು ಆಮೇಲೆ ಈ ಸ್ವಿಚ್ಚನ್ನು ನೋಡುವುದೇ ಇಲ್ಲ. ಚಾರ್ಜಿನ ಸೆಲ್ಲು ಮುಗಿದ ಒಂದು ರಾತ್ರಿ ಅಂಗಡಿಯಿಂದ ಅಲ್ಕಲೈನ್ ತಂದು ತುರುಕಿ, ಸ್ವಿಚ್ಚನ್ನು ಮರೆತು, ಬೆಳಗ್ಗೆ ಯುಎಸ್‌ಬಿ ತಂತಿ ಸಿಕ್ಕಿಸಿದರೆ, ಚಾರ್ಜನ್ನು ಒಪ್ಪಿಕೊಳ್ಳಲಾರದ ಸೆಲ್ಲಿಗೆ ವಿದ್ಯುತ್ತನ್ನು ಬಲವಂತವಾಗಿ ಊಡಿದಂತಾಗಿ ಅದು ಕಾದು, ಉಬ್ಬಿ, ಸೋರುತ್ತದೆ, ಒಡೆಯಲೂಬಹುದು.

ಸೋರಿದ್ದು ನೀರಲ್ಲ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಗಾಳಿ ತಗುಲಿ ಅದು ಬಿಳಿಯ ಬೂಷ್ಟಿನಂತೆ ಸ್ಪ್ರಿಂಗಿನ ಸುತ್ತ ಹಬ್ಬಿ, ನಿಕಲ್ ಲೇಪವನ್ನು ತಿಂದು, ತಗಡನ್ನೂ ಕೆಡಿಸುತ್ತದೆ. ಬೂಷ್ಟು ತೆಳುವಾಗಿರುವಾಗ ಯಂತ್ರ ಸಾಯುವುದಿಲ್ಲ. ಮಾತಿನ ನಡುವೆ ಆರಿಹೋಗುತ್ತದೆ, ತಟ್ಟಿದರೆ ಹೊತ್ತಿಕೊಳ್ಳುತ್ತದೆ, ಅಕ್ಷರಗಳನ್ನು ಅಸ್ತವ್ಯಸ್ತವಾಗಿ ತೋರಿಸುತ್ತದೆ. ಈ ಲಕ್ಷಣಗಳನ್ನೇ ಜನ ಮೆಮರಿಯ ರೋಗವೆಂದು ಭ್ರಮಿಸಿ ರೀಸೆಟ್ಟಿಗೆ ಕೈಹಾಕುವುದು. ಮಾಡತಕ್ಕದ್ದು ಬೇರೆ: ಸೆಲ್ಲನ್ನು ಹೊರತೆಗೆದು, ಬೂಷ್ಟನ್ನು ಬರಿಗೈಯಿಂದ ಮುಟ್ಟದೆ, ಹತ್ತಿ ಸುತ್ತಿದ ಕಡ್ಡಿಯನ್ನು ನಿಂಬೆರಸದಲ್ಲೋ ವಿನಿಗರಿನಲ್ಲೋ ತೊಟ್ಟು ಮಾತ್ರ ಅದ್ದಿ ಸ್ಪ್ರಿಂಗಿಗೆ ಸವರಿದರೆ, ಕ್ಷಾರ ಆಮ್ಲಕ್ಕೆ ಸಿಕ್ಕು ಸಣ್ಣಗೆ ನೊರೆಯಾಡಿ ಶಾಂತವಾಗುತ್ತದೆ. ಆಮೇಲೆ ಒದ್ದೆಬಟ್ಟೆ, ಅದಾದಮೇಲೆ ಒಣಬಟ್ಟೆ, ಒಂದು ದಿನದ ಆರಿಕೆ. ಕಪ್ಪಾಗಿ ಉಳಿದ ಲೋಹವನ್ನು ಪೆನ್ಸಿಲಿನ ಹಿಂದಿನ ರಬ್ಬರಿನಿಂದ ತಿಕ್ಕಿದರೆ ಹೊಳಪು ಬರುತ್ತದೆ. ಎರಡು ತಿಂಗಳು ಮುಟ್ಟುವುದಿಲ್ಲವೆಂದು ಗೊತ್ತಿದ್ದರೆ ಸೆಲ್ಲುಗಳನ್ನು ತೆಗೆದೇ ಇಡುವುದು ಒಳ್ಳಿತು. ಹಳೆಯ ಸೆಲ್ಲಿನೊಡನೆ ಹೊಸದನ್ನು ಜೋಡಿಸಿ ಉಳಿತಾಯ ಮಾಡುವುದೂ ಬೇಡ. ದುರ್ಬಲವಾದದ್ದು ಮೊದಲು ಬರಿದಾಗಿ, ಬಲಿಷ್ಠವಾದದ್ದು ಆಮೇಲೂ ಅದರ ಮೂಲಕ ವಿದ್ಯುತ್ತನ್ನು ನೂಕಿ ಸೋರಿಸುತ್ತದೆ. ಚಾರ್ಜಿನ ಸೆಲ್ಲನ್ನು ಪೂರ್ತಿ ಬರಿದು ಮಾಡಿಯೇ ಚಾರ್ಜಿಗೆ ಹಾಕಬೇಕೆಂಬ ಹಿರಿಯರ ಉಪದೇಶ ನಿಕಲ್ ಕ್ಯಾಡ್ಮಿಯಂ ಸೆಲ್ಲಿನ ಕಾಲದ್ದು. ಅದು ಈಗಿನ ಸೆಲ್ಲುಗಳಿಗೆ ಅನ್ವಯಿಸದು.

ಆಂಟೆನಾದ ವಿಚಾರದಲ್ಲಿ ಹೇಳತಕ್ಕದ್ದು ಅಲ್ಪ. ಅದನ್ನೇ ಹಿಡಿಯಾಗಿ ಮಾಡಿಕೊಂಡು ಯಂತ್ರವನ್ನು ಎತ್ತಬಾರದು. ತಿರುವಿ ಲಟಕ್ಕನೆ ಸಿಕ್ಕಿಸುವ ಬಿಎನ್‌ಸಿ ಎಂಬ ಹಳೆಯ ಬಗೆಯ ಜೋಡಣೆ ಒರಟು ಕೈಯನ್ನು ಸಹಿಸುತ್ತದೆ. ಹೊಸ ಯಂತ್ರಗಳಲ್ಲಿ ಕಾಣುವ ಎಸ್‌ಎಂಎ ಎಂಬ ತಿರುಗಿಸಿ ಬಿಗಿಯುವ ಸಣ್ಣ ಜೋಡಣೆ ಸಹಿಸುವುದಿಲ್ಲ. ಮೈ ಒರೆಸಲು ಒದ್ದೆಯ ಮೆತ್ತನೆ ಬಟ್ಟೆ ಸಾಕು, ಥಿನ್ನರು ಪೆಟ್ರೋಲುಗಳಿಂದ ಪರದೆಯ ಕಿಟಕಿ ಮಬ್ಬಾಗುತ್ತದೆ. ಬೇಸಗೆಯಲ್ಲಿ ಕಾರಿನ ಗಾಜಿನಡಿ ಬಿಟ್ಟುಹೋಗಬಾರದು.

ಇಷ್ಟನ್ನೆಲ್ಲ ಪರೀಕ್ಷಿಸಿದ ಮೇಲೂ ಸಂದೇಹ ಉಳಿದರೆ ಒಂದು ಒರೆಗಲ್ಲು ಉಂಟು. ಅದು ಪುಕ್ಕಟೆಯಾಗಿಯೇ ದೊರೆಯುತ್ತದೆ. ಅಮೆರಿಕಾದ ಹವಾಮಾನ ಇಲಾಖೆ 162.400ರಿಂದ 162.550 ಮೆಗಾಹರ್ಟ್ಸಿನವರೆಗಿನ ಏಳು ಕಂಪನಾಂಕಗಳಲ್ಲಿ, ದೇಶದಾದ್ಯಂತ ಹರಡಿದ ಕೇಂದ್ರಗಳಿಂದ, ಇಪ್ಪತ್ತನಾಲ್ಕು ಗಂಟೆಯೂ ಬಿಡುವಿಲ್ಲದೆ ಗಾಳಿಮಳೆಯ ವರ್ತಮಾನವನ್ನು ಹೇಳುತ್ತಲೇ ಇರುತ್ತದೆ. ಪೊಲೀಸರು ಮಾತಾಡದೆ ಇರಬಹುದು, ಬೆಂಕಿ ಬೀಳದ ದಿನ ಬೆಂಕಿಯವರಿಗೆ ಮಾತಿಲ್ಲದಿರಬಹುದು. ಹವಾಮಾನದವರು ಮಾತ್ರ ಬಾಯಿ ಮುಚ್ಚುವುದಿಲ್ಲ. ಬಹುತೇಕ ಎಲ್ಲ ಸ್ಕ್ಯಾನರಿನಲ್ಲಿಯೂ ಅದಕ್ಕೆ ಪ್ರತ್ಯೇಕವಾದ ಏರ್ಪಾಡು ಇರುತ್ತದೆ. ಅದು ಕೇಳಿಸಿತೆಂದರೆ ಸೆಲ್ಲು, ಆಂಟೆನಾ, ಸ್ಪೀಕರು, ಒಳಗಿನ ಮಂಡಲಗಳು ಎಲ್ಲವೂ ಸ್ವಸ್ಥವೆಂದೇ ಅರ್ಥ.

ಕ್ಯಾನ್ಸಾಸ್ ಪ್ರಾಂತದ ಒಂದು ಊರಿನಲ್ಲಿ ಈ ಒರೆಗಲ್ಲಿನ ಪ್ರಯೋಗವನ್ನು ನಾನು ಕಣ್ಣಾರೆ ಕಂಡೆ. ಅದು ಸುಂಟರಗಾಳಿಯ ಸೀಮೆ. 2007ರ ಮೇ 4ರ ರಾತ್ರಿ ಗ್ರೀನ್ಸ್‌ಬರ್ಗ್ ಎಂಬ ಪಟ್ಟಣವನ್ನು ಸುಂಟರಗಾಳಿ ಬಹುಪಾಲು ನೆಲಸಮ ಮಾಡಿದ ಪ್ರಾಂತ. ಅಲ್ಲಿನವರಿಗೆ ಸ್ಕ್ಯಾನರು ಕುತೂಹಲದ ವಸ್ತುವಲ್ಲ. ಬಯಲಿನಲ್ಲಿ ನಿಂತು ಮೋಡದ ಚಲನೆಯನ್ನು ವರದಿ ಮಾಡುವ ತರಬೇತಿ ಪಡೆದ ವೀಕ್ಷಕರ ಮಾತು ಅದರಲ್ಲಿ ಕೇಳಿಬರುತ್ತದೆ. ನಮ್ಮವರ ಪಕ್ಕದ ಮನೆಯ ವೃದ್ಧರೊಬ್ಬರು, ಹಿಂದೆ ಸ್ವಯಂಸೇವಕರಾಗಿ ಬೆಂಕಿ ಆರಿಸುವ ದಳದಲ್ಲಿದ್ದವರು, ಹಿಂದಿನ ರಾತ್ರಿಯಿಂದ ದನಿಯಿಲ್ಲದ ಸ್ಕ್ಯಾನರನ್ನು ಮೇಜಿನ ಮೇಲಿಟ್ಟು, ಕೈಪಿಡಿಯ ರೀಸೆಟ್ಟಿನ ಪುಟವನ್ನು ತೆರೆದು, ಎರಡು ಹೆಬ್ಬೆರಳನ್ನೂ ಗುಂಡಿಗಳ ಮೇಲೆ ಊರಿದ್ದರು. ಒಲೆಯ ಬಳಿಯಿದ್ದ ಅವರ ಪತ್ನಿ ಮೊದಲು ಹವಾಮಾನವನ್ನು ಕೇಳಿ ನೋಡಬಾರದೇಕೆ ಎಂದು ಬೆನ್ನು ತಿರುಗಿಸಿಕೊಂಡೇ ಅಂದರು. ಆತ ಗೊಣಗುತ್ತ ಗುಂಡಿ ಒತ್ತಿದರು. ಗಾಳಿ ದಕ್ಷಿಣದಿಂದ, ಗಂಟೆಗೆ ಇಷ್ಟು ಮೈಲಿ ಎಂದು ಯಂತ್ರದ ದನಿಯೊಂದು ಸ್ಪಷ್ಟವಾಗಿ ಓದತೊಡಗಿತು. ಆಮೇಲೆ ಠಾಣೆಗೆ ಫೋನು ಮಾಡಿದಾಗ ಬಯಲಾದದ್ದು ಇಷ್ಟೆ: ಕೌಂಟಿಯವರು ಹಿಂದಿನ ದಿನ ಹಳೆಯ ವ್ಯವಸ್ಥೆಯನ್ನು ಬಿಟ್ಟು ಡಿಜಿಟಲ್ ವ್ಯವಸ್ಥೆಗೆ ಹೋಗಿದ್ದರು. ಮೆಮರಿಯಲ್ಲಿದ್ದ ರೈಲಿನವರು, ವಿಮಾನದವರು, ನೆರೆಯ ಕೌಂಟಿಯವರು ಎಲ್ಲರೂ ಸುರಕ್ಷಿತವಾಗಿದ್ದರು. ಗುಂಡಿಗಳನ್ನು ಇನ್ನೊಂದು ಕ್ಷಣ ಅದುಮಿದ್ದರೆ ಅವರೂ ಹೋಗುತ್ತಿದ್ದರು, ಕೌಂಟಿಯವರಂತೂ ಮರಳಿ ಬರುತ್ತಿರಲಿಲ್ಲ. ಆತನ ಜಾಣತನವನ್ನೂ ಹೇಳಬೇಕು: ಅಷ್ಟೂ ಕಂಪನಾಂಕಗಳನ್ನು ಬೀಜದ ಕಂಪನಿಯ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು ಗೋಡೆಗೆ ಮೊಳೆ ಹೊಡೆದಿದ್ದರು.

ಹೀಗೆ ಹೊರಗಿನಿಂದ ಬರುವ ಮೌನವೇ ಇತ್ತೀಚೆಗೆ ಹೆಚ್ಚು. 2013ರ ಜನವರಿ 1ರೊಳಗೆ ಪೊಲೀಸರೂ ಇತರರೂ ತಮ್ಮ ಚಾನೆಲುಗಳ ಅಗಲವನ್ನು 25 ಕಿಲೋಹರ್ಟ್ಸಿನಿಂದ 12.5ಕ್ಕೆ ಇಳಿಸಿಕೊಳ್ಳಬೇಕೆಂದು ಅಲ್ಲಿನ ಕೇಂದ್ರ ಸಂಪರ್ಕ ಆಯೋಗ ವಿಧಿಸಿದ ಮೇಲೆ, ಹಳೆಯ ಸ್ಕ್ಯಾನರುಗಳಲ್ಲಿ ದನಿ ಕುಗ್ಗಿತು. ಸ್ಪೀಕರು ಕೆಟ್ಟಿತೆಂದು ಅಂದುಕೊಂಡವರೆಷ್ಟೋ. ಆಮೇಲೆ ಒಂದೇ ಗುಂಪಿನ ಕಂಪನಾಂಕಗಳನ್ನು ಹಲವು ಇಲಾಖೆಗಳು ಗಣಕದ ಆಜ್ಞೆಯಂತೆ ಸರದಿಯಲ್ಲಿ ಹಂಚಿಕೊಳ್ಳುವ ಟ್ರಂಕಿಂಗ್ ವ್ಯವಸ್ಥೆಯೂ, ಪಿ25 ಎಂಬ ಡಿಜಿಟಲ್ ಕ್ರಮವೂ ವ್ಯಾಪಿಸಿದುವು. ಸಾಧಾರಣ ಸ್ಕ್ಯಾನರಿಗೆ ಪಿ25ರ ಮಾತು ಬರಿಯ ಗರಗಸದ ಸದ್ದು. ಅದನ್ನು ಬಿಡಿಸಬಲ್ಲ ಯಂತ್ರಗಳ ಬೆಲೆ ಸಾಧಾರಣದವಕ್ಕಿಂತ ಹಲವು ಪಟ್ಟು. ಅವಕ್ಕೂ ಮೀರಿದ್ದು ಗೂಢಲಿಪೀಕರಣ: ಡೆನ್ವರಿನ ಪೊಲೀಸರು 2019ರಲ್ಲಿ, ಚಿಕಾಗೋದವರು 2022ರಿಂದ, ನ್ಯೂಯಾರ್ಕಿನವರು 2023ರಿಂದ ತಮ್ಮ ಮಾತನ್ನು ಸಂಕೇತದೊಳಗೆ ಮುಚ್ಚತೊಡಗಿದರು. ಚಿಕಾಗೋದಲ್ಲಿ ಸಾರ್ವಜನಿಕರು ಅರ್ಧ ಗಂಟೆ ತಡವಾಗಿ ಮಾತ್ರ ಕೇಳಬಹುದೆಂದು ಏರ್ಪಾಡಾಯಿತು. ಕೀಲಿಯಿಲ್ಲದೆ ಈ ಬೀಗವನ್ನು ತೆಗೆಯುವ ಸ್ಕ್ಯಾನರು ಮಾರುಕಟ್ಟೆಯಲ್ಲಿಲ್ಲ, ತೆಗೆಯಲು ಯತ್ನಿಸುವುದು ಕಾನೂನಿಗೂ ಸಮ್ಮತವಲ್ಲ.

ಇದರಲ್ಲಿ ನನ್ನ ಮನಸ್ಸು ಎರಡು ಕಡೆಗೂ ಎಳೆಯಲ್ಪಡುತ್ತದೆಂಬುದನ್ನು ಮುಚ್ಚಿಡಲಾರೆ. ಪೆಟ್ಟು ತಿಂದ ಹೆಣ್ಣುಮಗಳ ಹೆಸರನ್ನೂ ಮನೆಯ ಸಂಖ್ಯೆಯನ್ನೂ ಊರೆಲ್ಲ ಕೇಳುವಂತೆ ಗಾಳಿಯಲ್ಲಿ ತೂರುವುದು ಯಾವ ನ್ಯಾಯ? ಆದರೆ ಅಷ್ಟನ್ನು ಮರೆಮಾಡಲು ಇಡೀ ಇಲಾಖೆಯ ಮಾತನ್ನೇ ಮುಚ್ಚಬೇಕಾಗಿಲ್ಲ. ಅಮೆರಿಕಾದ ಪತ್ರಿಕಾ ಕಚೇರಿಗಳಲ್ಲಿ ನಗರವಾರ್ತೆಯ ಮೇಜಿನ ಮೇಲೆ ಸ್ಕ್ಯಾನರು ದಶಕಗಳ ಕಾಲ ಗೊಣಗುತ್ತಿತ್ತು. ಪೊಲೀಸರು ತಾವಾಗಿ ಹೇಳುವ ಮುನ್ನವೇ ವರದಿಗಾರನು ಸ್ಥಳದಲ್ಲಿರುತ್ತಿದ್ದನು. ಅರ್ಧ ಗಂಟೆ ತಡವಾಗಿ ಕೇಳುವ ವರದಿಗಾರನಿಗೆ ಸಿಕ್ಕುವುದು ಪೊಲೀಸರು ಗುಡಿಸಿ ಸಾರಿಸಿಟ್ಟ ರಸ್ತೆ. ಬೆಂಕಿ, ಬಿರುಗಾಳಿ, ಆಂಬುಲೆನ್ಸುಗಳ ಕರೆಗಳನ್ನಾದರೂ ತೆರೆದಿಡತಕ್ಕದ್ದೆಂದು ನಾನು ತಿಳಿಯುತ್ತೇನೆ. ಅನೇಕ ಕಡೆಗಳಲ್ಲಿ ಅವು ಇನ್ನೂ ತೆರೆದೇ ಇವೆ.

ರೀಸೆಟ್ಟನ್ನು ಎಂದಿಗೂ ಮಾಡಬಾರದೆಂದು ನಾನು ಹೇಳುತ್ತಿಲ್ಲ. ಹೊಸ ಸೆಲ್ಲು ಹಾಕಿದ ಮೇಲೂ ಪರದೆ ಹೆಪ್ಪುಗಟ್ಟಿ, ಯಾವ ಗುಂಡಿಗೂ ಯಂತ್ರ ಓಗೊಡದೆ, ಸೆಲ್ಲುಗಳನ್ನು ತೆಗೆದು ಕೆಲವು ನಿಮಿಷ ಬಿಟ್ಟು ಹಾಕಿದರೂ ಅದೇ ಸ್ಥಿತಿಯಲ್ಲಿದ್ದರೆ ರೀಸೆಟ್ಟೇ ಗತಿ. ಬೇರೆಯವರಿಂದ ಹಳೆಯ ಯಂತ್ರವನ್ನು ಕೊಂಡಾಗಲೂ ಅವರ ಊರಿನ ಕಂಪನಾಂಕಗಳನ್ನು ತೊಳೆದು ಹಾಕುವುದು ಉಚಿತವೇ. ಮೆಮರಿಗೆ ಬರೆಯುತ್ತಿರುವಾಗಲೇ ಸೆಲ್ಲು ಮುಗಿದು ಅರ್ಧಂಬರ್ಧ ಉಳಿದರೆ, ಅಲ್ಲಿಯೂ ಅದು ಸಲ್ಲುತ್ತದೆ. ಸೆಲ್ಲು ತೆಗೆದು ಹಾಕುವ ಮೊದಲ ಉಪಾಯದಿಂದ ಈಚಿನ ಯಂತ್ರಗಳ ಚಾನೆಲುಗಳು ಹೋಗವು, ಅವು ವಿದ್ಯುತ್ತಿಲ್ಲದೆಯೂ ಉಳಿಯುವ ಮೆಮರಿಯಲ್ಲಿರುತ್ತವೆ. ಹಳೆಯ ಯಂತ್ರಗಳಲ್ಲಿ ಕೆಪಾಸಿಟರೋ ಒಂದು ಸಣ್ಣ ಸೆಲ್ಲೋ ಮೆಮರಿಯನ್ನು ಕಾಯುತ್ತಿರುವುದರಿಂದ ಎಷ್ಟು ಹೊತ್ತು ಬಿಡಬಹುದೆಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಪೂರ್ಣ ರೀಸೆಟ್ಟಿನ ಕ್ರಮ ಮಾದರಿಯಿಂದ ಮಾದರಿಗೆ ಬೇರೆ. ಬಹುಪಾಲು ಯಂತ್ರಗಳಲ್ಲಿ ಎರಡು ಮೂರು ಗೊತ್ತಾದ ಗುಂಡಿಗಳನ್ನು ಒಟ್ಟಿಗೆ ಅದುಮಿ ಹಿಡಿದು ಚಾಲೂ ಮಾಡಬೇಕು. ಮತ್ತೆ ಕೆಲವದರಲ್ಲಿ ಸ್ವಾಗತದ ಅಕ್ಷರಗಳು ಪರದೆಯಲ್ಲಿರುವಾಗಲೇ ಅಂಕಿಗಳನ್ನು ಒತ್ತಬೇಕು. ಯಾವುದೇ ಆಗಲಿ, ಮುಂಚೆ ಮೂರು ಎಚ್ಚರಿಕೆ: ಯಂತ್ರ ಒಪ್ಪಿದರೆ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ ಚಾನೆಲುಗಳನ್ನು ನಕಲು ಮಾಡಿಕೊಳ್ಳುವುದು, ಒಪ್ಪದಿದ್ದರೆ ಒಂದೊಂದಾಗಿ ಕಾಗದಕ್ಕೆ ಇಳಿಸುವುದು, ತುಂಬಿದ ಸೆಲ್ಲು ಹಾಕುವುದು, ಕ್ರಿಯೆ ಮುಗಿಯಿತೆಂದು ಪರದೆ ತಾನಾಗಿ ಹೇಳುವವರೆಗೆ ಏನನ್ನೂ ಒತ್ತದೆ ಇರುವುದು. ಮುಗಿದ ಮೇಲೆ ಮೊದಲು ಕೇಳತಕ್ಕದ್ದು ಮತ್ತೆ ಆ ಹವಾಮಾನದ ದನಿಯನ್ನೇ.

ಯಂತ್ರ ಮಾಡುವವರ ಹೊಣೆಯೂ ಇದರಲ್ಲಿ ಉಂಟು. ಒಳಗಿನ ಪ್ರೋಗ್ರಾಮನ್ನು ಹೊಸದಾಗಿ ಎಬ್ಬಿಸುವ ಕ್ರಿಯೆಯನ್ನೂ, ಒಡೆಯನ ಬರವಣಿಗೆಯನ್ನು ಅಳಿಸುವ ಕ್ರಿಯೆಯನ್ನೂ ಒಂದೇ ಗುಂಡಿಗೊಂಚಲಿಗೆ ಗಂಟುಹಾಕುವುದೇತಕ್ಕೆ? ನಿಜವಾಗಿಯೂ ಅಳಿಸಲೇ ಎಂದು ಮತ್ತೊಮ್ಮೆ ಕೇಳುವ ಸೌಜನ್ಯವನ್ನಾದರೂ ಎಲ್ಲ ಯಂತ್ರಗಳೂ ಕಲಿಯಬಹುದಾಗಿತ್ತು. ಮೌನಕ್ಕೆ ಕಾರಣಗಳನ್ನು ಹುಡುಕುವ ಪುಟವನ್ನು ಕೈಪಿಡಿಯ ಕೊನೆಯಲ್ಲಿಟ್ಟು ರೀಸೆಟ್ಟನ್ನು ಸುಲಭೋಪಾಯದಂತೆ ಅದರ ಬಗಲಲ್ಲೇ ಅಚ್ಚುಮಾಡುವವರಿಗೆ ಕೊಂಡವನ ಶ್ರಮದ ಬೆಲೆ ತಿಳಿದಂತಿಲ್ಲ.

ಇಲ್ಲಿಯ ಓದುಗರಿಗೆ ಒಂದು ಮಾತು ಹೇಳದಿದ್ದರೆ ಈ ಬರಹ ಅಪಾಯಕಾರಿಯಾದೀತು. ಅಮೆರಿಕಾದಲ್ಲಿ ಸ್ಕ್ಯಾನರು ಅಂಗಡಿಯ ಸಾಮಾನು. ಕೇಳುವುದಕ್ಕೆ ಸಾಧಾರಣವಾಗಿ ಅಡ್ಡಿಯಿಲ್ಲ, ಕೇಳಿದ್ದನ್ನು ಸ್ವಂತ ಲಾಭಕ್ಕೆ ಬಳಸುವುದನ್ನು ಮಾತ್ರ 1934ರ ಸಂಪರ್ಕ ಕಾಯಿದೆಯ ಕಾಲದಿಂದಲೂ ನಿಷೇಧಿಸಿದ್ದಾರೆ, ಮೊಬೈಲ್ ಫೋನಿನ ಸಂಭಾಷಣೆ ಕೇಳುವಂತೆ ಸ್ಕ್ಯಾನರು ಮಾಡಿ ಮಾರುವುದನ್ನು 1990ರ ದಶಕದಲ್ಲಿ ತಡೆದಿದ್ದಾರೆ, ಕೆಲವು ಪ್ರಾಂತಗಳಲ್ಲಿ ಕಾರಿನಲ್ಲಿ ಇರಿಸಿಕೊಳ್ಳುವುದಕ್ಕೆ ನಿರ್ಬಂಧವಿದೆ. ಭಾರತದಲ್ಲಿ ಸ್ಥಿತಿ ಬೇರೆ. 1933ರ ನಿಸ್ತಂತು ತಂತಿ ಕಾಯಿದೆಯ ಕಾಲದಿಂದಲೂ ಪರವಾನಗಿಯಿಲ್ಲದೆ ಇಂಥ ಉಪಕರಣವನ್ನು ಬಳಿಯಲ್ಲಿ ಇರಿಸಿಕೊಳ್ಳುವುದೇ ಅಪರಾಧ. 2023ರ ದೂರಸಂಪರ್ಕ ಕಾಯಿದೆಯೂ ರೇಡಿಯೊ ಉಪಕರಣವನ್ನು ಹೊಂದುವುದಕ್ಕೆ ಅನುಮತಿ ಬೇಕೆಂದೇ ಹೇಳುತ್ತದೆ. ಆದುದರಿಂದ ಅಳಿಯನೋ ಮಗನೋ ಪ್ರೀತಿಯಿಂದ ಕೊಟ್ಟ ಸ್ಕ್ಯಾನರನ್ನು ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಸುತ್ತಿಕೊಂಡು ಬೆಂಗಳೂರಿನಲ್ಲಿ ಇಳಿಯುವ ಸಾಹಸ ಬೇಡ. ನಿಸ್ತಂತುವಿನ ಗೀಳು ನಿಜವಾಗಿಯೂ ಹತ್ತಿದ್ದರೆ ಹವ್ಯಾಸಿ ರೇಡಿಯೊ, ಎಂದರೆ ಹ್ಯಾಮ್‌ಗಳ ದಾರಿ ತೆರೆದಿದೆ. ಕೇಂದ್ರ ಸರಕಾರದ ಪರೀಕ್ಷೆಗೆ 12 ವರ್ಷ ತುಂಬಿದ ಮಕ್ಕಳೂ ಕುಳಿತುಕೊಳ್ಳಬಹುದು; ಎರಡು ದರ್ಜೆಗಳಲ್ಲಿ ಕೆಳಗಿನದಕ್ಕೆ ಮೋರ್ಸ್ ಸಂಕೇತದ ಪರೀಕ್ಷೆಯೂ ಇಲ್ಲ, ವಿದ್ಯುನ್ಮಾನದ ಮೂಲಪಾಠಗಳೂ ನಿಯಮಗಳೂ ಗೊತ್ತಿದ್ದರೆ ಸಾಕು.